ಕಣ್ಣಿನಿಂದ ಬೆರಳಿಗೆ ಎಷ್ಟು ದೂರ?

ಕಳೆದ ವರ್ಷ ಗಣೇಶನ ಹಬ್ಬ ಕಳೆದ ಮೇಲಿನ ಮಾತು. ಮಧ್ಯಾಹ್ನದ ಬಿಸಿಯೂಟದ ವಿರಾಮದಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಜಗಲಿಯ ಕಂಬಕ್ಕೆ ಒರಗಿ ಮುಖ ಊದಿಸಿಕೊಂಡು ಕುಳಿತಿದ್ದ. ಏನಾಯಿತೋ ಎಂದರೆ ಮಾತಿಲ್ಲ. ಪಕ್ಕದಲ್ಲಿದ್ದವನೇ ಹೇಳಿದ: 'ಸಾ, ಇವ್ನು ಟ್ಯೂಬ್‌ಲೈಟು ಸಾ. ಮೊಬೈಲೇ ಹೇಳೈತೆ!'

ವಿಷಯ ಇಷ್ಟೇ. ಯಾರದೋ ಅಣ್ಣನ ಮೊಬೈಲಿನಲ್ಲಿ ಒಂದು ಆಟ. ಪರದೆ ಕೆಂಪಿನಿಂದ ಹಸಿರಾದ ತಕ್ಷಣ ಬೆರಳು ಒತ್ತಬೇಕು. ಎಷ್ಟು ಹೊತ್ತಾಯಿತೆಂದು ಅದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತೋರಿಸುತ್ತದೆ. ನಮ್ಮ ಹುಡುಗನಿಗೆ ಬಂದದ್ದು 310. ಜೊತೆಗೆ 'ನೀವು ನಿಧಾನ' ಎಂಬ ಷರಾ ಬೇರೆ. ಬೇರೊಂದು ಮೊಬೈಲಿನಲ್ಲಿ ಆಡಿದ ಗೆಳೆಯನಿಗೆ 240. ಅಲ್ಲಿಗೆ ತೀರ್ಪಾಗಿಹೋಯಿತು.

ನಾನು ನನ್ನ ಮೇಜಿನಿಂದ ಅಡಿಪಟ್ಟಿ ತಂದೆ. ಅದನ್ನು ನೇರವಾಗಿ ಹಿಡಿದು, ಹುಡುಗನ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಸೊನ್ನೆಯ ಗೆರೆಯ ಎರಡೂ ಬದಿಗೆ, ಪಟ್ಟಿಗೆ ತಾಗದಂತೆ ಇರಿಸಿದೆ. ಹೇಳದೆ ಕೇಳದೆ ಪಟ್ಟಿ ಬಿಟ್ಟೆ. ಹಿಡಿದ. ಹತ್ತು ಸಲ ಹೀಗೆ ಮಾಡಿ ಸರಾಸರಿ ತೆಗೆದರೆ 20 ಸೆಂಟಿಮೀಟರ್. ಅಷ್ಟು ದೂರ ಬೀಳಲು ಯಾವುದೇ ವಸ್ತುವಿಗೆ 0.202 ಸೆಕೆಂಡು ಬೇಕು. ಅಂದರೆ ಸುಮಾರು 200 ಮಿಲಿಸೆಕೆಂಡು. 240 ಬಂದಿದ್ದ ಗೆಳೆಯನಿಗೂ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬಂತು!

ಹಾಗಾದರೆ ಮೊಬೈಲು ಹೇಳಿದ ಉಳಿದ ನೂರು ಮಿಲಿಸೆಕೆಂಡು ಎಲ್ಲಿಂದ ಬಂತು? ಪಟ್ಟಿ ಹಿಡಿಯುವುದೂ ಪರದೆ ಒತ್ತುವುದೂ ಒಂದೇ ಕೆಲಸವಲ್ಲ, ಸ್ವಲ್ಪ ವ್ಯತ್ಯಾಸ ಸಹಜ. ಆದರೆ ದೊಡ್ಡ ಪಾಲು ಹುಡುಗನದ್ದಲ್ಲ, ಯಂತ್ರದ್ದು.

0.8 ಸೆಕೆಂಡಿಗೆ ಹೋದ ಕೆಲಸ

ಅಳೆಯುವ ವಿಧಾನದ ತಪ್ಪನ್ನು ಅಳೆಸಿಕೊಂಡವನ ತಲೆಗೆ ಕಟ್ಟುವುದು ಇಂದಿನ ಕಥೆಯಲ್ಲ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ 1796ರಲ್ಲಿ ಡೇವಿಡ್ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದ. ದೂರದರ್ಶಕದಲ್ಲಿ ಅಡ್ಡಲಾಗಿ ಕಾಣುವ ತಂತಿಯನ್ನು ನಕ್ಷತ್ರವೊಂದು ದಾಟುವ ಕ್ಷಣವನ್ನು, ಗಡಿಯಾರದ ಟಿಕ್ ಟಿಕ್ ಸದ್ದನ್ನು ಎಣಿಸುತ್ತಾ ಬರೆದಿಡುವುದು ಅವನ ಕೆಲಸ. ಅವನು ಬರೆದ ವೇಳೆ ಮುಖ್ಯಸ್ಥ ನೆವಿಲ್ ಮ್ಯಾಸ್ಕಲಿನ್ ಬರೆದ ವೇಳೆಗಿಂತ ಸುಮಾರು 0.8 ಸೆಕೆಂಡು ತಡವಾಗಿ ಬರುತ್ತಿತ್ತು. ಎಚ್ಚರಿಸಿದರೂ ಸರಿಹೋಗಲಿಲ್ಲ. ಅವನನ್ನು ಕೆಲಸದಿಂದ ತೆಗೆದರು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ ಈ ಪ್ರಸಂಗದ ಬೆನ್ನು ಹತ್ತಿದ. ತನ್ನ ವೇಳೆಯನ್ನು ಇತರ ನುರಿತ ವೀಕ್ಷಕರ ವೇಳೆಯೊಂದಿಗೆ ಹೋಲಿಸಿ ನೋಡಿದರೆ ಅಲ್ಲಿಯೂ ವ್ಯತ್ಯಾಸ! ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಹೊಂದಿಸಲು ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಿಡಿಯುತ್ತದೆ, ಅದು ಸೋಮಾರಿತನವಲ್ಲ ಎಂಬುದು ಹೀಗೆ ತಿಳಿಯಿತು. ಪಾಪ, ಕಿನ್ನೆಬ್ರೂಕನಿಗೆ ಇದು ತಿಳಿಯಲೇ ಇಲ್ಲ. ಅವನು ಅಷ್ಟರಲ್ಲಿ ತೀರಿಕೊಂಡಿದ್ದ.

ಮನಸ್ಸಿಗೊಂದು ಗಡಿಯಾರ

ಬೆಳಕು ಕಂಡ ತಕ್ಷಣ ಗುಂಡಿ ಒತ್ತುವ ಕೆಲಸದಲ್ಲಿ ಏನೆಲ್ಲ ನಡೆಯುತ್ತದೆ ನೋಡಿ. ಕಣ್ಣಿನ ಅಕ್ಷಿಪಟಲ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಬೇಕು. ಸಂಕೇತ ಮಿದುಳಿನ ಹಿಂಭಾಗಕ್ಕೆ ಹೋಗಬೇಕು. 'ಒತ್ತು' ಎಂಬ ಆಜ್ಞೆ ಹುಟ್ಟಬೇಕು. ಅದು ಬೆನ್ನುಹುರಿ ಇಳಿದು, ತೋಳಿನ ನರದಲ್ಲಿ ಹರಿದು, ಸ್ನಾಯುವನ್ನು ಮುಟ್ಟಬೇಕು. ನರದಲ್ಲಿ ಸಂಕೇತ ಮಿಂಚಿನಂತೆ ಹರಿಯುತ್ತದೆಂದು ಹಿಂದಿನವರು ನಂಬಿದ್ದರು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅದರ ವೇಗವನ್ನು ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ 30 ಮೀಟರಿಗೂ ಕಡಿಮೆ.

ಅದೇ ಕಾಲಕ್ಕೆ ಮಥೆಯಸ್ ಹಿಪ್ ಎಂಬ ಗಡಿಯಾರದ ಕುಶಲಿಗ ಒಂದು ಯಂತ್ರ ಮಾಡಿದ್ದ. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಲೋಹದ ನಾಲಗೆಯೊಂದು ಅದರ ಹಲ್ಲುಚಕ್ರದ ಓಟವನ್ನು ಹಿಡಿತದಲ್ಲಿಡುತ್ತಿತ್ತು. ವಿದ್ಯುತ್ಕಾಂತದ ಸಹಾಯದಿಂದ ಪ್ರಚೋದನೆ ಬಂದ ಕ್ಷಣ ಮುಳ್ಳು ಓಡತೊಡಗುವುದು, ಗುಂಡಿ ಒತ್ತಿದ ಕ್ಷಣ ನಿಲ್ಲುವುದು. 'ಹಿಪ್ ಕ್ರೋನೋಸ್ಕೋಪ್' ಎಂದು ಹೆಸರಾದ ಈ ಯಂತ್ರ, 1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ಸ್ಥಾಪಿಸಿದ ಮನೋವಿಜ್ಞಾನ ಪ್ರಯೋಗಾಲಯದ ಮುಖ್ಯ ಸಲಕರಣೆಯಾಯಿತು.

ಹಾಲೆಂಡಿನ ವೈದ್ಯ ಡಾಂಡರ್ಸ್ 1868ರಲ್ಲಿ ಇನ್ನೊಂದು ಜಾಣತನ ತೋರಿಸಿದ. ಒಂದೇ ದೀಪ, ಒಂದೇ ಗುಂಡಿ ಇದ್ದಾಗ ಹಿಡಿಯುವ ಹೊತ್ತು ಒಂದು. ಎರಡು ದೀಪ, ಎರಡು ಗುಂಡಿ ಇಟ್ಟು 'ಎಡದ್ದಕ್ಕೆ ಎಡಗೈ, ಬಲದ್ದಕ್ಕೆ ಬಲಗೈ' ಎಂದರೆ ಹಿಡಿಯುವ ಹೊತ್ತು ಹೆಚ್ಚು. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿಯುವುದು ಮನಸ್ಸು ಆಯ್ಕೆಗೆ ತೆಗೆದುಕೊಂಡ ಕಾಲ! ಕಣ್ಣಿಗೆ ಕಾಣದ ಆಲೋಚನೆಯನ್ನು ಪ್ರಾಥಮಿಕ ಶಾಲೆಯ ಕಳೆಯುವ ಲೆಕ್ಕದಿಂದ ಅಳೆದದ್ದು ಸಣ್ಣ ಮಾತಲ್ಲ.

ನಮ್ಮ ಮೈಸೂರಿನಲ್ಲಿ

ಈ ವಿದ್ಯೆ ನಮ್ಮ ಜಿಲ್ಲೆಗೆ ಬಂದು ನೂರು ವರ್ಷ ದಾಟಿದೆ ಎಂದರೆ ಮಕ್ಕಳು ನಂಬುವುದಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಸೀಲ್ ಅವರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟಿದರು. ಕಲ್ಕತ್ತಾ ಬಿಟ್ಟರೆ ದೇಶದ ಮೊದಲ ಕೆಲವು ವಿಭಾಗಗಳಲ್ಲಿ ಇದೂ ಒಂದು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ, ಅದನ್ನು 'ಆಕಾಶವಾಣಿ' ಎಂಬ ಹೆಸರಿನಿಂದ ನಡೆಸಿದವರೂ ಇದೇ ಗೋಪಾಲಸ್ವಾಮಿಯವರು. ಮನಸ್ಸು ಮತ್ತು ಯಂತ್ರ ಎರಡರಲ್ಲೂ ಅವರಿಗೆ ಎಷ್ಟು ಆಸಕ್ತಿ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾವು ಬಿ.ಇಡಿ. ಓದುವಾಗ ಮನಶ್ಶಾಸ್ತ್ರದ ಪ್ರಯೋಗಗಳಿಗೆ ಇದ್ದದ್ದು ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚು. ಜೊತೆಗಾರ ಉತ್ತರ ಹೇಳಿದೊಡನೆ ನಾನು ಅದರ ಗುಂಡಿ ಒತ್ತಬೇಕು. ಹಾಗೆ ಬರೆದ ಕಾಲದಲ್ಲಿ ಅವನ ಪ್ರತಿಕ್ರಿಯೆಯ ಜೊತೆ ನನ್ನ ಪ್ರತಿಕ್ರಿಯೆಯೂ ಸೇರಿಕೊಂಡಿರುತ್ತಿತ್ತು ಎಂಬುದು ಆಗ ಹೊಳೆದಿರಲಿಲ್ಲ.

ಕಂಪ್ಯೂಟರು ಸಾಲದೇ?

ಈಗ ಕಂಪ್ಯೂಟರು ಇದೆಯಲ್ಲ, ಅದಕ್ಕಿಂತ ನಿಖರವಾದದ್ದು ಏನಿದೆ ಎನ್ನಬಹುದು. ಕಂಪ್ಯೂಟರಿನೊಳಗಿನ ಗಡಿಯಾರ ನಿಖರವೇ. ತೊಂದರೆ ಇರುವುದು ಬಾಗಿಲಿನಲ್ಲಿ.

ಸಾಮಾನ್ಯ ಯುಎಸ್‌ಬಿ ಕೀಲಿಮಣೆಯನ್ನು ಕಂಪ್ಯೂಟರು ಸೆಕೆಂಡಿಗೆ 125 ಸಲ ಮಾತ್ರ 'ಏನಾದರೂ ಒತ್ತಿದ್ದಾರೆಯೇ?' ಎಂದು ವಿಚಾರಿಸುತ್ತದೆ. ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಊರಿನ ಅಂಚೆ ಡಬ್ಬಿಯನ್ನು ದಿನಕ್ಕೊಮ್ಮೆ ತೆರೆದಂತೆ. ಕಾಗದ ಬೆಳಿಗ್ಗೆ ಹಾಕಿದರೂ ಮಧ್ಯಾಹ್ನ ಹಾಕಿದರೂ ಮೊಹರು ಬೀಳುವುದು ಸಂಜೆಯೇ. ಪರದೆಯ ಕಥೆಯೂ ಹಾಗೆಯೇ. ಸೆಕೆಂಡಿಗೆ 60 ಚಿತ್ರ ಬರೆಯುವ ಪರದೆಯಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ 16.7 ಮಿಲಿಸೆಕೆಂಡು ಅಂತರ. ಮೊಬೈಲಿನಲ್ಲಿ ಬೆರಳಿನ ಸ್ಪರ್ಶವನ್ನು ಗುರುತಿಸಲು ಇನ್ನಷ್ಟು ಹೊತ್ತು. ಇವೆಲ್ಲ ಕೂಡಿ, ಮೊಬೈಲಿನಿಂದ ಮೊಬೈಲಿಗೆ ಬೇರೆಯಾಗಿ, ನಮ್ಮ ಹುಡುಗನ ಲೆಕ್ಕಕ್ಕೆ ಸೇರಿದವು.

ಆದ್ದರಿಂದ ಮನೋವಿಜ್ಞಾನದ ಪ್ರಯೋಗಾಲಯಗಳಲ್ಲಿ ಗುಂಡಿಪೆಟ್ಟಿಗೆ ಎನ್ನಬಹುದಾದ ಪ್ರತ್ಯೇಕ ಸಲಕರಣೆ ಬಳಸುತ್ತಾರೆ. ಅದರಲ್ಲಿ ನಾಲ್ಕೈದು ಗುಂಡಿ, ಒಳಗೆ ತನ್ನದೇ ಆದ ಸ್ಫಟಿಕ ಗಡಿಯಾರ. ಗುಂಡಿ ಒತ್ತಿದ ಕ್ಷಣವೇ ಪೆಟ್ಟಿಗೆ ತಾನೇ ಸಮಯ ಬರೆದುಕೊಳ್ಳುತ್ತದೆ. ಆಮೇಲೆ ಆ ಸುದ್ದಿ ಕಂಪ್ಯೂಟರನ್ನು ತಡವಾಗಿ ತಲುಪಿದರೂ ಚಿಂತೆಯಿಲ್ಲ, ಸಮಯ ಬರೆದಾಗಿದೆ. ಪರದೆಯ ಮೂಲೆಗೆ ಬೆಳಕನ್ನು ಗುರುತಿಸುವ ಪುಟ್ಟ ಕಣ್ಣೊಂದನ್ನು ಅಂಟಿಸಿದರೆ, ಚಿತ್ರ ನಿಜವಾಗಿ ಮೂಡಿದ ಕ್ಷಣವೂ ಅದೇ ಗಡಿಯಾರದಲ್ಲಿ ದಾಖಲಾಗುತ್ತದೆ.

ಇಷ್ಟು ಸೂಕ್ಷ್ಮ ಏಕೆ ಎಂದರೆ, ಪ್ರಯೋಗದಲ್ಲಿ ಹುಡುಕುವ ವ್ಯತ್ಯಾಸ ಕೆಲವೊಮ್ಮೆ ಹತ್ತಿಪ್ಪತ್ತು ಮಿಲಿಸೆಕೆಂಡು ಮಾತ್ರ. ಯಂತ್ರದ ವಿಳಂಬ ಸದಾ ಒಂದೇ ಆಗಿದ್ದರೆ ಡಾಂಡರ್ಸನ ಕಳೆಯುವ ಲೆಕ್ಕದಲ್ಲಿ ಅದು ಹೊರಟುಹೋಗುತ್ತದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೆ ಮಾತ್ರ ಕಷ್ಟ. ಆಗ ಅದೇ ಅಳತೆಯನ್ನು ಬಹಳ ಸಲ ಮಾಡಿ ಸರಾಸರಿ ತೆಗೆಯಬೇಕಾಗುತ್ತದೆ.

ನಮ್ಮ ಶಾಲೆಯ ಪೆಟ್ಟಿಗೆ

ಟ್ಯೂಬ್‌ಲೈಟ್ ಎನ್ನಿಸಿಕೊಂಡ ಹುಡುಗನಿಗೇ ಈ ಕೆಲಸ ಒಪ್ಪಿಸಿದೆ. ಒಂದು ಆರ್ಡುಯಿನೋ ಬೋರ್ಡು, ಎಲ್‌ಇಡಿ ದೀಪ, ಹಳೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚು, ಮಿಠಾಯಿ ಡಬ್ಬ. ಎಲ್‌ಇಡಿ ಕರೆಂಟು ಬಂದೊಡನೆ ಉರಿಯುವುದರಿಂದ ಪರದೆಯ ತಾಪತ್ರಯವಿಲ್ಲ.

ಮೊದಲ ದಿನ ಒಂದು ಸಲ ಒತ್ತಿದರೆ ಮೂರು ಸಲ ಒತ್ತಿದಂತೆ ತೋರಿಸಿತು. 'ಸಾ, ದೆವ್ವ ಹಿಡಿದೈತೆ' ಎಂದ. ದೆವ್ವವಲ್ಲ. ಸ್ವಿಚ್ಚಿನೊಳಗಿನ ಲೋಹದ ತುಂಡುಗಳು ತಾಗಿದಾಗ ನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಮೊದಲ ಸ್ಪರ್ಶದ ಸಮಯವನ್ನು ಬರೆದುಕೊಂಡು, ಅದಾದ ಮೇಲೆ ಸ್ವಲ್ಪ ಹೊತ್ತು ಬಂದದ್ದನ್ನೆಲ್ಲ ಬಿಡುವಂತೆ ಪ್ರೋಗ್ರಾಮು ಬದಲಿಸಿದ. ಸರಿಹೋಯಿತು.

ಎರಡನೆಯ ತೊಡಕು ಮನುಷ್ಯರದ್ದು. ದೀಪ ಪ್ರತಿ ಸಲ ಮೂರು ಸೆಕೆಂಡಿಗೇ ಹತ್ತಿದರೆ ಮಕ್ಕಳು ಮನಸ್ಸಿನಲ್ಲೇ ಎಣಿಸಿ ಮುಂಚೆಯೇ ಒತ್ತುತ್ತಾರೆ. ಕಾಯುವ ಹೊತ್ತನ್ನು ಎರಡರಿಂದ ಐದು ಸೆಕೆಂಡಿನ ನಡುವೆ ಮನಬಂದಂತೆ ಬದಲಾಯಿಸಬೇಕಾಯಿತು. 100 ಮಿಲಿಸೆಕೆಂಡಿಗಿಂತ ಬೇಗ ಬಂದ ಒತ್ತನ್ನು ಊಹೆಯೆಂದು ಬಿಟ್ಟೆವು. ಅಂತರರಾಷ್ಟ್ರೀಯ ಓಟದ ಸ್ಪರ್ಧೆಗಳಲ್ಲೂ ಇದೇ ಲೆಕ್ಕ. ಗುಂಡಿನ ಸದ್ದಾಗಿ 0.1 ಸೆಕೆಂಡಿನೊಳಗೆ ಓಟಗಾರನ ಕಾಲು ಕದಲಿದರೆ ತಪ್ಪು ಆರಂಭ. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಉಸೇನ್ ಬೋಲ್ಟ್‌ಗೂ ಸದ್ದು ಕೇಳಿ ಹೊರಡಲು 0.146 ಸೆಕೆಂಡು ಬೇಕಾಗಿತ್ತು.

ಬ್ಯಾರನ್ ಮುಂದಿನ ರಾತ್ರಿ

ಡಬ್ಬ ಸಿದ್ಧವಾದ ಮೇಲೆ ನಿಜವಾದ ವಿಷಯ ಹೊರಬಿತ್ತು. ಕೆಲವು ಬೆಳಿಗ್ಗೆ ಈ ಹುಡುಗನ ಒತ್ತುಗಳು 210, 220, 205 ಎಂದು ಹೋಗುತ್ತಾ ನಡುವೆ ಇದ್ದಕ್ಕಿದ್ದಂತೆ 640, ಇನ್ನೊಮ್ಮೆ 900. ವಿಚಾರಿಸಿದೆ. ನಮ್ಮ ರಾವಂದೂರು ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿದರೆ ಸೊಪ್ಪು ಹದವಾಗುವ ತನಕ ಹಗಲೂ ರಾತ್ರಿ ಉರಿ ನೋಡಿಕೊಳ್ಳಬೇಕು. ಅಪ್ಪನ ಜೊತೆ ಇವನೂ ಸರದಿಯ ಮೇಲೆ ಎದ್ದಿರುತ್ತಿದ್ದ.

ನಿದ್ದೆಗೆಟ್ಟವರನ್ನು ಪರೀಕ್ಷಿಸಲು ಡಿಂಜಸ್ ಮತ್ತು ಪೊವೆಲ್ ಎಂಬ ಅಮೆರಿಕದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ವಿಧಾನವೂ ಇಂಥದ್ದೇ ಪೆಟ್ಟಿಗೆಯದು. ಹತ್ತು ನಿಮಿಷ ಗುಂಡಿ ಒತ್ತುತ್ತಾ ಕೂರಬೇಕು. ಅರ್ಧ ಸೆಕೆಂಡು ಮೀರಿದ ಒತ್ತುಗಳನ್ನು 'ಜಾರುವಿಕೆ' ಎಂದು ಎಣಿಸುತ್ತಾರೆ. ನಿದ್ದೆಗೆಟ್ಟವನು ಪ್ರತಿ ಸಲವೂ ನಿಧಾನವಾಗುವುದಿಲ್ಲ. ಬಹುಪಾಲು ಸರಿಯಾಗಿಯೇ ಒತ್ತುತ್ತಾನೆ, ನಡುವೆ ಒಂದೊಂದು ಸಲ ಇಲ್ಲವಾಗುತ್ತಾನೆ. 'ನಾನು ಚೆನ್ನಾಗೇ ಇದ್ದೇನೆ' ಎಂದು ಅವನಿಗೆ ಅನ್ನಿಸುವುದು ಇದರಿಂದಲೇ. 1997ರ ಒಂದು ಅಧ್ಯಯನದಲ್ಲಿ 24 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.1ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಗಂಟೆಗೆ 60 ಕಿ.ಮೀ. ವೇಗದ ಬೈಕು ಅರ್ಧ ಸೆಕೆಂಡಿನಲ್ಲಿ 8 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ ಎಂಬುದನ್ನು ಇದರ ಜೊತೆ ಸೇರಿಸಿ ನೋಡಿ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞರು. ಬ್ಯಾರನ್ ಇಲ್ಲದ ಮನೆಗಳಲ್ಲಿ ಆ ಕೆಲಸವನ್ನು ಮೊಬೈಲು ಮಾಡುತ್ತಿದೆ.

ಮನೆಯಲ್ಲೇ ಮಾಡಿ ನೋಡಿ

ಒಂದು ಅಡಿಪಟ್ಟಿ ಸಾಕು. ಪಟ್ಟಿ ಬಿದ್ದ ದೂರವನ್ನು (ಸೆಂಟಿಮೀಟರಿನಲ್ಲಿ) ಎರಡರಿಂದ ಗುಣಿಸಿ, 980ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 10 ಸೆಂ.ಮೀ.ಗೆ 0.143 ಸೆಕೆಂಡು, 15ಕ್ಕೆ 0.175, 20ಕ್ಕೆ 0.202, 25ಕ್ಕೆ 0.226, 30ಕ್ಕೆ 0.247. ಕನಿಷ್ಠ ಹತ್ತು ಸಲ ಮಾಡಿ. ಒಂದೇ ಅಳತೆಯನ್ನು ನಂಬಬೇಡಿ. ಚೆನ್ನಾಗಿ ಮಲಗಿ ಎದ್ದ ದಿನದ್ದನ್ನೂ ನಿದ್ದೆಗೆಟ್ಟ ದಿನದ್ದನ್ನೂ ಹೋಲಿಸಿ.

ಪೋಷಕರಿಗೆ ಒಂದು ಮಾತು. ಬೆರಳಿನ ವೇಗ ಬುದ್ಧಿಯ ಅಳತೆಯಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರತಿಕ್ರಿಯಾ ಕಾಲವನ್ನು ಅವರ ಅಂಕಗಳ ಜೊತೆ 1901ರಲ್ಲಿ ವಿಸ್ಲರ್ ಹೋಲಿಸಿದಾಗ ಸಂಬಂಧವೇ ಇಲ್ಲವೆನ್ನುವಷ್ಟು ಕಡಿಮೆ ಸಿಕ್ಕಿತು. ಮುಂದೆ ಹೆಚ್ಚು ನಿಖರವಾದ ಅಳತೆಗಳಲ್ಲಿ ಅಲ್ಪಸ್ವಲ್ಪ ಸಂಬಂಧ ಕಂಡಿದ್ದರೂ, ಒಂದು ಮಗುವನ್ನು ಹಿಡಿದು 'ನೀನು ಮಂದ' ಎನ್ನುವಷ್ಟು ಅದು ಎಂದೂ ದೊಡ್ಡದಲ್ಲ.

ಹುಡುಗನ ತಂದೆ ಒಂದು ಬೆಳಿಗ್ಗೆ ಬ್ಯಾರನ್ನಿನಿಂದ ನೇರವಾಗಿ ಶಾಲೆಗೆ ಬಂದಿದ್ದರು. 'ಇವನು ಮೊದಲಿಂದ್ಲೂ ಮಂದ ಕಣ್ರೀ ಮೇಷ್ಟ್ರೇ' ಎಂದರು. ಒಂದು ಕೈ ನೋಡಿ ಎಂದು ಡಬ್ಬವನ್ನು ಅವರ ಮುಂದಿಟ್ಟೆ. ಮಗನೇ ಅಂಕಿ ಓದಿದ. ಐದು ನಿಮಿಷದಲ್ಲಿ ಅರ್ಧ ಸೆಕೆಂಡು ಮೀರಿದ್ದು ಏಳು ಸಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನೇ ಟ್ಯೂಬ್‌ಲೈಟ್ ಆದ್ನಲ್ಲ ಮೇಷ್ಟ್ರೇ' ಎಂದು ನಕ್ಕರು. ಆ ಸ್ಥಿತಿಯಲ್ಲಿ ಬೈಕು ಹತ್ತಬೇಡಿ ಎಂದು ಅವರನ್ನು ಶಾಲೆಯ ಜಗಲಿಯ ಮೇಲೇ ಒಂದು ಗಂಟೆ ಮಲಗಿಸಿದೆವು.

ಅದಾದ ಮೇಲೆ ಶಾಲೆ ಇರುವ ದಿನಗಳ ಹಿಂದಿನ ರಾತ್ರಿ ಹುಡುಗನಿಗೆ ಬ್ಯಾರನ್ ಸರದಿ ತಪ್ಪಿತು. ಶನಿವಾರ ರಾತ್ರಿ ಮಾತ್ರ ಹೋಗುತ್ತಾನೆ. ಡಬ್ಬ ಈಗಲೂ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ. ಸ್ವಿಚ್ಚು ಮಾತ್ರ ಎರಡು ಸಲ ಬದಲಾಗಿದೆ.