ಓಜೋನ್ ಚಿಕಿತ್ಸೆ ಮತ್ತು ಜೀವಕೋಶದ ಕಾವಲು

ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬೆಳೆಯುವವರಿಗೆ ಹಳೆಯ ಬೀಜದ ಕಮಟು ವಾಸನೆ ಹೊಸದಲ್ಲ. ಗಾಳಿಯ ಆಮ್ಲಜನಕವು ಬೀಜದ ಎಣ್ಣೆಯೊಡನೆ ಸೇರಿ ಅದನ್ನು ಕೆಡಿಸಿದುದರ ಫಲವದು. ಬೀಜದೊಳಗಿನ ಇ ಜೀವಸತ್ವವು ಈ ಕೇಡನ್ನು ಕೆಲಕಾಲ ತಡೆಯುತ್ತದೆ. ಮನುಷ್ಯನ ಜೀವಕೋಶದ ಪೊರೆಯಲ್ಲಿಯೂ ಕೊಬ್ಬಿದೆ. ಅಲ್ಲಿಯೂ ಇದೇ ಉತ್ಕರ್ಷಣೆ, ಇಂಥದೇ ಕಾವಲು.

ಮಧುಮೇಹದ ಕಾಲುಹುಣ್ಣಿಗೋ ಮಂಡಿನೋವಿಗೋ ಓಜೋನ್ ಚಿಕಿತ್ಸೆಯಿದೆ ಎಂದು ಕೇಳಿದಾಗ ಹಿಂದೂಪುರದ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಆಮ್ಲಜನಕವೇ ಕೆಡಿಸುವುದಾದರೆ, ಅದಕ್ಕಿಂತ ಉಗ್ರವಾದ ಓಜೋನ್ ಔಷಧವಾಗುವುದೆಂತು?

1840ರಲ್ಲಿ ಸ್ವಿಟ್ಜರ್‌ಲೆಂಡಿನ ಷೋನ್‌ಬೈನ್ ಹೆಸರಿಟ್ಟ ಈ ಅನಿಲದ ಅಣುವಿನಲ್ಲಿ ಆಮ್ಲಜನಕದ 3 ಪರಮಾಣುಗಳಿವೆ. ಚಿಕಿತ್ಸೆಯ ಒಂದು ಕ್ರಮದಲ್ಲಿ ರೋಗಿಯ ಸ್ವಲ್ಪ ರಕ್ತವನ್ನು ಹೊರತೆಗೆದು, ಆಮ್ಲಜನಕ ಹಾಗೂ ಓಜೋನ್ ಮಿಶ್ರಣವನ್ನು ಬೆರೆಸಿ, ಮರಳಿ ರಕ್ತನಾಳಕ್ಕೆ ಹರಿಸುತ್ತಾರೆ. ಓಜೋನ್ ಬಲುಬೇಗ ರಕ್ತದ ಪದಾರ್ಥಗಳೊಡನೆ ವರ್ತಿಸಿ ಮುಗಿದುಹೋಗುತ್ತದೆ. ಅದರಿಂದ ಹುಟ್ಟಿದ ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಆಲ್ಡಿಹೈಡ್‌ಗಳು ಜೀವಕೋಶಕ್ಕೆ ಅಪಾಯದ ಸುದ್ದಿ ಮುಟ್ಟಿಸುತ್ತವೆ.

ಕೋಶದೊಳಗೆ ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಕೀಪ್1 ಎಂಬ ಇನ್ನೊಂದು ಪ್ರೋಟೀನು ಹಿಡಿದಿಟ್ಟು ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಆಲ್ಡಿಹೈಡ್ ತಗುಲಿದರೆ ಆ ಹಿಡಿತ ಸಡಿಲಗೊಳ್ಳುತ್ತದೆ. ಬಿಡುಗಡೆಯಾದ ಎನ್‌ಆರ್‌ಎಫ್2 ಕೋಶಕೇಂದ್ರವನ್ನು ಸೇರಿ, ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳು, ಹೀಮ್ ಆಕ್ಸಿಜನೇಸ್ ಮೊದಲಾದವುಗಳ ಜೀನುಗಳನ್ನು ಚುರುಕುಗೊಳಿಸುತ್ತದೆ. ಅಂದರೆ ಓಜೋನ್ ಕೋಶವನ್ನು ಕೆಣಕುತ್ತದೆ. ಕೆಣಕು ಮಿತಿಯಲ್ಲಿದ್ದರೆ ಕಾವಲು ಬಲಗೊಳ್ಳುತ್ತದೆ, ಮಿತಿಮೀರಿದರೆ ಕೋಶವೇ ಸಾಯುತ್ತದೆ.

ಆದರೆ ಪ್ರಯೋಗಶಾಲೆಯ ಈ ವಿವರಣೆ ಸೊಗಸಾಗಿದೆಯೆಂದ ಮಾತ್ರಕ್ಕೆ ಹುಣ್ಣು ಮಾಯುವುದೆಂದು ತಿಳಿಯಲಾಗದು. ಮಧುಮೇಹದ ಕಾಲುಹುಣ್ಣಿನ ಬಗ್ಗೆ 2015ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಾಮರ್ಶೆಗೆ ದೊರೆತದ್ದು 3 ಪ್ರಯೋಗಗಳು, 212 ರೋಗಿಗಳು ಮಾತ್ರ. ಖಚಿತ ತೀರ್ಮಾನಕ್ಕೆ ಅವು ಸಾಲದಾದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವಂತೂ ಓಜೋನನ್ನು ವಿಷಾನಿಲವೆಂದೇ ತನ್ನ ನಿಯಮದಲ್ಲಿ ಕರೆದಿದೆ. ಇನ್ಸುಲಿನ್ನನ್ನೂ ಹುಣ್ಣು ತೊಳೆದು ಕಟ್ಟುವುದನ್ನೂ ಬಿಟ್ಟು ಇದೊಂದನ್ನೇ ನಂಬಿದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಓಜೋನನ್ನು ಉಸಿರಿನೊಡನೆ ಎಳೆದುಕೊಳ್ಳುವುದಂತೂ ಸಲ್ಲದು. ಶ್ವಾಸಕೋಶಕ್ಕೆ ಅದು ನೇರ ಹಾನಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಿಗೂ ಈ ಚಿಕಿತ್ಸೆ ನಿಷಿದ್ಧ. ಅವರ ಕೆಂಪು ರಕ್ತಕಣಗಳಲ್ಲಿ ವೆಚ್ಚವಾದ ಗ್ಲುಟಾಥಯೋನ್ ಸಾಕಷ್ಟು ಬೇಗ ಮರಳಿ ಸಿದ್ಧವಾಗದೆ, ಕಣಗಳು ಒಡೆಯುತ್ತವೆ. ಈ ಕೊರತೆ ವಂಶಪಾರಂಪರ್ಯವಾಗಿ ಬರುವಂಥದು, ರಕ್ತಪರೀಕ್ಷೆಯಿಂದ ತಿಳಿಯುವಂಥದು. ಚಿಕಿತ್ಸೆಗೆ ಒಪ್ಪುವ ಮೊದಲೇ ವೈದ್ಯರನ್ನು ಕೇಳಿ ಮಾಡಿಸಿಕೊಳ್ಳಬಹುದು.