ಕಡಲಿಲ್ಲದ ಊರಿನಲ್ಲಿ ಒಂದು ದಿನ

ಡಿಸೆಂಬರ್ ರಜೆಗೆ ಕಲಬುರಗಿ ನೋಡಿ ಬರೋಣ ಎಂದಾಗ ಉಡುಪಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಕಡಲು ಉಂಟಾ?" ಇಲ್ಲ ಎಂದೆ. "ಮತ್ತೆಂತ ಉಂಟು?" ಎಂದಳು ಅವನ ಅಕ್ಕ. ಕೋಟೆ ಇದೆ, ಕೆಂಪು ಬಾಳೆಹಣ್ಣು ಇದೆ ಎಂದೆ. ಬಾಳೆಹಣ್ಣಿನ ಆಸೆಗೆ ಇಬ್ಬರೂ ಹೊರಟರು.

ಬೆಳಿಗ್ಗೆ ಬಿಸಿ ಸುಸಲಾ, ಮಿರ್ಚಿ ಭಜಿ ತಿಂದು ನೇರ ಕೋಟೆಗೆ ಹೋದೆವು. 1347ರಲ್ಲಿ ಹಸನ್ ಬಹಮನ್ ಷಾ ರಾಜ್ಯ ಕಟ್ಟಿ ಇದನ್ನು ರಾಜಧಾನಿ ಮಾಡಿಕೊಂಡ. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಬುರುಜಿನ ಮೇಲಿನ ಉದ್ದನೆಯ ತೋಪು ಮಗನಿಗೆ ಹಿಡಿಸಿತು. ನನಗೆ ಹಿಡಿಸಿದ್ದು ಜಾಮಿ ಮಸೀದಿ. ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಚಾವಣಿ. ಒಂದು ಭಾರಿ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಾಲ್ಕು, ಉಳಿದಲ್ಲೆಲ್ಲ ಸಾಲುಸಾಲು ಪುಟ್ಟ ಗುಮ್ಮಟಗಳು. ಮಕ್ಕಳಿಬ್ಬರೂ ಒಳಗೆ ತಲೆಯೆತ್ತಿ ಎಣಿಸಿದರು. ಎರಡು ಸಲವೂ ಲೆಕ್ಕ ಕೂಡಲಿಲ್ಲ!

1367ರ ಈ ಮಸೀದಿಗೆ ಪರ್ಷಿಯಾದ ಕಜ್ವಿನ್ ಊರಿನ ರಫಿ ಎಂಬಾತನ ಹೆಸರು ಜೋಡಿಕೊಂಡಿದೆ. ಅಷ್ಟು ದೂರದವರು ಇಲ್ಲಿಗೆ ಹೇಗೆ ಬರುತ್ತಿದ್ದರು? ಬಹಮನಿ ಕಾಲದಲ್ಲಿ ಅರಬ್ಬಿ ಕುದುರೆಗಳು, ವಿದ್ವಾಂಸರು, ವ್ಯಾಪಾರಿಗಳು ಹಡಗಿನಲ್ಲಿ ಬಂದು ಕೊಂಕಣದ ದಾಭೋಲಿನಂಥ ಬಂದರುಗಳಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಘಟ್ಟ ಹತ್ತಿ ಈ ಬಯಲಿಗೆ. "ಹಾಗಾದ್ರೆ ಕಡಲು ಸ್ವಲ್ಪ ಉಂಟು" ಎಂದ ಮಗ.

ಶರಣಬಸವೇಶ್ವರರ ಗುಡಿ, ಪಕ್ಕದ ಕೆರೆ, ಖ್ವಾಜಾ ಬಂದೇ ನವಾಜರ ದರ್ಗಾ ನೋಡಿಕೊಂಡು ಹಫ್ತ್ ಗುಂಬಜ್ ತಲುಪುವಷ್ಟರಲ್ಲಿ ನೆತ್ತಿಯ ಮೇಲೆ ಬಿಸಿಲು. ಹಫ್ತ್ ಎಂದರೆ ಏಳು. ಬಹಮನಿ ಸುಲ್ತಾನರ ಏಳು ಗೋರಿಗಳಲ್ಲಿ ದೊಡ್ಡದು 1422ರಲ್ಲಿ ತೀರಿಕೊಂಡ ಫಿರೋಜ್ ಷಾನದು, ಜೋಡಿ ಗುಮ್ಮಟದ್ದು. ನಕ್ಷತ್ರಗಳನ್ನು ನೋಡಲು ದೌಲತಾಬಾದಿನಲ್ಲಿ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ ಸುಲ್ತಾನ ಇವನೇ.

ಒಳಗಿನ ಸುಣ್ಣದ ಗಾರೆಯಲ್ಲಿ ಎಂಥ ಎಲೆ, ಬಳ್ಳಿ, ಚಕ್ರಗಳು! ಅವುಗಳ ಕೆಳಗೆ, ಕೈ ಎಟಕುವಷ್ಟು ಎತ್ತರದವರೆಗೆ, ಇನ್ನೊಂದು ಬಗೆಯ ಕೆತ್ತನೆ: ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ಕಾಲೇಜು ಬಿಟ್ಟ ವರ್ಷ. ಮಗಳು ಒಂದೊಂದನ್ನೇ ಗಟ್ಟಿಯಾಗಿ ಓದಿದಳು. ನಡುವೆ ಅವಳದೇ ಹೆಸರು ಸಿಕ್ಕಿತು, ಬೇರೆ ಯಾರದೋ. ಓದುವುದು ನಿಂತಿತು.

"ಇದಕ್ಕೆ ಬಣ್ಣ ಬಳಿಯಬಹುದಲ್ಲ?" ಎಂದು ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದಳು.

"ಹೆಸರೇನೋ ಮುಚ್ತದವ್ವಾ. ಅದರ ಕೂಡ ಹಳೀ ಗಾರಿನೂ ಮುಚ್ತದ" ಎಂದರು ಅವರು.

ಅವಳು ಚೀಲದಿಂದ ನೋಟ್‌ಬುಕ್ ತೆಗೆದು, ಗೋಡೆಗೆ ಒರಗದೆ ನೆಲದಲ್ಲಿ ಕುಳಿತು ಒಂದೇ ಒಂದು ಚಕ್ರದ ಚಿತ್ರ ಬರೆಯತೊಡಗಿದಳು. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಹಸಿವಾಗಿ ಮಗ ರಗಳೆ ತೆಗೆದ. ಬುದ್ಧ ವಿಹಾರವನ್ನು ಆ ದಿನ ಬಿಟ್ಟೆವು; ನನಗೇನೂ ಬೇಸರವಾಗಲಿಲ್ಲ.

ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಮುಗಿಸಿ ಹುಮನಾಬಾದ್ ರಸ್ತೆಯ ಬಸ್ಸು ಹಿಡಿದೆವು. ಎರಡೂ ಕಡೆ ಕೊಯ್ಲಿಗೆ ಬಂದ ತೊಗರಿ. ಸುಮಾರು ಒಂದು ಗಂಟೆಯ ದಾರಿಯ ಕಮಲಾಪುರದಲ್ಲಿ ಇಳಿದಾಗ ರಸ್ತೆ ಬದಿಯ ಬುಟ್ಟಿಯಲ್ಲಿ ಕಂಡವು ಕೆಂಪು ಬಾಳೆ! ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಯ ಹಾಗೆ ಇದಕ್ಕೂ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ದಪ್ಪ ಕೆಂಪು ಸಿಪ್ಪೆ, ಒಳಗೆ ಕೆನೆಯಂಥ ತಿರುಳು. ಬೆಲೆ ಕೇಳಿ ನಾನು ಹುಬ್ಬೇರಿಸಿದೆ.

"ಸಾದಾ ಬಾಳಿ ವರ್ಷದಾಗ ಕೈಗೆ ಬರ್ತದ್ರಿ. ಇದಕ್ಕ ಒಂದೂವರಿ ವರ್ಷ ಕಾಯಬೇಕು. ಈಗ ಕಾಯೋ ಮಂದಿನೇ ಕಡಿಮಿ ಆಗ್ಯಾರ" ಎಂದಳು ಮಾರುವಾಕೆ.

ಹಣ್ಣು ತಿಂದ ಮಗ ಬೀಜ ಹುಡುಕಿದ. ಬೀಜವಿಲ್ಲ, ಬುಡದ ಕಂದು ಕಿತ್ತು ನೆಡಬೇಕು ಎಂದು ಆಕೆ ವಿವರಿಸಿದಳು.

"ನಮ್ಮೂರಲ್ಲಿ ನೆಟ್ಟರೆ ಬರ್ತದಾ?"

"ಬರಬಹುದಪ್ಪಾ. ಖರೆ ಕಮಲಾಪುರದ್ದು ಅನ್ನಂಗಿಲ್ಲ ನೋಡು" ಎಂದು ನಕ್ಕು, ಅವನ ಕೈಗೆ ಇನ್ನೊಂದು ಹಣ್ಣಿಟ್ಟಳು. ಅಷ್ಟರಲ್ಲಿ ಕಲಬುರಗಿಯ ಬಸ್ಸು ಬಂತು.