ಮೂರು ವಯಸ್ಸಿಗೆ ಒಂದೇ ಸೀರೆ: ಸಿಮ್ಸ್ 2ರಲ್ಲಿ ಟೆಕ್ಸ್ಚರ್ ಹಂಚಿಕೊಳ್ಳೋದು ಹೇಗೆ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ. ಲೋಕಲ್‌ನಲ್ಲಿ ನಿಂತುಕೊಂಡು ಓದೋರಿಗೆ ಇದೇ ಅನುಕೂಲ.

ಕೋಪರಖೈರಣೆಯ ನಮ್ಮ ಮನೆಯಲ್ಲಿ ಒಂದು ಕೌದಿ ಇದೆ. ಅದು ಮೊದಲು ನಮ್ಮ ಅಜ್ಜಿಯ ಇಳಕಲ್ ಸೀರೆ. ಮೈ ಹತ್ತಿ, ಸೆರಗು ಕೆಂಪು ರೇಷ್ಮೆ, ಸೆರಗಿನ ಮೇಲೆ ಬಿಳಿ ಹಣಿಗೆಯ ಸಾಲು. ಸೀರೆ ಜಾಲಿ ಜಾಲಿ ಆದಮೇಲೆ ಅವ್ವ ಅದನ್ನ ಕತ್ತರಿಸಿ ಕೌದಿ ಹೊಲಿಸಿದಳು. ಕತ್ತರಿಸೋಕೆ ಮುಂಚೆ ನಾನು ಅದನ್ನ ಬಾಲ್ಕನಿಯಲ್ಲಿ ಹರಡಿ ಫೋಟೋ ತೆಗೆದಿದ್ದೆ. ಆ ಫೋಟೋದಿಂದಲೇ ಮಗಳಿಗೆ ಅಂತ ಸಿಮ್ಸ್ 2ರಲ್ಲಿ ಒಂದು ಸೀರೆ ಮಾಡಿದೆ. ಸಿಮ್ಸ್ 2 ಬಂದಿದ್ದು 2004ರಲ್ಲಿ. ನಮ್ಮಲ್ಲಿ ಎಷ್ಟೋ ಜನ ಹಾಸ್ಟೆಲ್‌ನಲ್ಲಿ ಆಡಿದವರೇ. 2025ರ ಜನವರಿಯಲ್ಲಿ ಲೆಗಸಿ ಕಲೆಕ್ಷನ್ ಅಂತ ಮತ್ತೆ ಬಿಟ್ಟಮೇಲೆ ಈಗ ನಮ್ಮ ಮಕ್ಕಳು ಆಡ್ತಿದ್ದಾರೆ.

ಆಟದಲ್ಲಿ ಒಂದು ತೊಡಕಿದೆ. ಟೀನ್, ಅಡಲ್ಟ್, ಎಲ್ಡರ್, ಈ ಮೂವರ ಮೈಕಟ್ಟು ಬೇರೆ ಬೇರೆ. ಅಡಲ್ಟ್‌ಗೆ ಮಾಡಿದ ಸೀರೆ ಎಲ್ಡರ್‌ಗೆ ಬರಲ್ಲ, ಅವಳಿಗೆ ಬೇರೆ ಮೆಶ್ ಬೇಕು, ಬೇರೆ ಫೈಲ್ ಬೇಕು. ಹಾಗಾಗಿ ಮೂರು ವಯಸ್ಸು. ಮಗಳು ಫೋಟೋಶಾಪ್‌ನಲ್ಲಿ ಬಣ್ಣ ಬದಲಾಯಿಸಿ ಮೂಲದ ಮರೂನ್ ಸೇರಿ ಆರು ಬಣ್ಣ ಮಾಡಿದಳು. ಮೂರಾರ್ಲಿ ಹದಿನೆಂಟು ಪ್ಯಾಕೇಜ್ ಫೈಲು. ಪ್ರತಿಯೊಂದರಲ್ಲೂ ಒಂದು ಬಣ್ಣದ ಟೆಕ್ಸ್ಚರ್, ಜೊತೆಗೆ ನೆರಿಗೆಯ ಉಬ್ಬು ತಗ್ಗು ತೋರಿಸೋ ಒಂದು ಬಂಪ್ ಮ್ಯಾಪ್. ಒಟ್ಟು 36 ಚಿತ್ರ.

ಇದರಲ್ಲಿ ನಿಜವಾಗಿ ಬೇರೆ ಬೇರೆ ಇರೋದು ಎಷ್ಟು? ಬಣ್ಣ ಆರು. ನೆರಿಗೆ ಎಲ್ಲದಕ್ಕೂ ಒಂದೇ. ಅಂದ್ರೆ ಏಳು ಚಿತ್ರ ಸಾಕು, ಉಳಿದ 29 ಬರೀ ಕಾಪಿ. 1024×1024 ಅಳತೆಯ ಟೆಕ್ಸ್ಚರ್ ಡಿಎಕ್ಸ್‌ಟಿ5ನಲ್ಲಿ ಪಿಕ್ಸೆಲ್‌ಗೆ ಒಂದು ಬೈಟ್, ಅಂದ್ರೆ 1 ಎಂಬಿ. ಮಿಪ್‌ಮ್ಯಾಪ್ ಸೇರಿದ್ರೆ ಇನ್ನೊಂದು ಮೂರನೇ ಒಂದು ಭಾಗ. ಬಣ್ಣದ ಟೆಕ್ಸ್ಚರ್ ಮಾತ್ರ ಲೆಕ್ಕ ಹಾಕಿದ್ರೂ 24 ಎಂಬಿ ಇದ್ದದ್ದು 8ಕ್ಕೆ ಇಳಿಯುತ್ತೆ. ಒಂದು ಸೀರೆಗೆ ಇದು ದೊಡ್ಡದಲ್ಲ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇಂಥವು ಸಾವಿರ ಇದ್ದಾಗ ಆಟ ತೆರೆಯೋದ್ರೊಳಗೆ ಚಹಾ ಕುಡಿದು ಬರಬಹುದು.

ಹಂಚಿಕೊಳ್ಳೋದು ಹೇಗೆ ಅಂತ ತಿಳೀಬೇಕಾದ್ರೆ ಪ್ಯಾಕೇಜ್ ಒಳಗೆ ಏನಿದೆ ಅಂತ ನೋಡ್ಬೇಕು. ಸಿಮ್‌ಪಿಇ ಅನ್ನೋ ಟೂಲ್‌ನಲ್ಲಿ ಒಂದು ಬಟ್ಟೆಯ ಫೈಲ್ ತೆಗೀರಿ. ಪ್ರಾಪರ್ಟಿ ಸೆಟ್ ಇರುತ್ತೆ. ಇದು ಯಾರ ಬಟ್ಟೆ, ಯಾವ ವಯಸ್ಸು, ದಿನದ್ದೋ ಹಬ್ಬದ್ದೋ ಅಂತ ಹೇಳುತ್ತೆ. ಅದು ಥ್ರೀಐಡಿಆರ್ ಅನ್ನೋ ಪಟ್ಟಿಯನ್ನ ನೋಡುತ್ತೆ. ಆ ಪಟ್ಟಿಯಲ್ಲಿ ವಿಳಾಸಗಳು ಮಾತ್ರ: ಮೆಶ್ ಎಲ್ಲಿದೆ, ಮೆಟೀರಿಯಲ್ ಡೆಫಿನಿಷನ್, ಅಂದ್ರೆ ಟಿಎಕ್ಸ್‌ಎಂಟಿ, ಎಲ್ಲಿದೆ. ಟಿಎಕ್ಸ್‌ಎಂಟಿ ಒಳಗೆ ಟೆಕ್ಸ್ಚರ್‌ನ ಹೆಸರು. ಕೊನೆಗೆ ಟಿಎಕ್ಸ್‌ಟಿಆರ್, ಅದೇ ನಿಜವಾದ ಚಿತ್ರ. ಪಾಯಿಂಟರ್‌ನ ಹಿಂದೆ ಪಾಯಿಂಟರ್, ಅಷ್ಟೇ.

ಇಲ್ಲಿ ಮುಖ್ಯವಾದ್ದು ಏನಂದ್ರೆ, ಈ ವಿಳಾಸಗಳು ಅದೇ ಫೈಲ್ ಒಳಗೇ ಇರಬೇಕು ಅಂತ ಆಟ ಕೇಳೋದೇ ಇಲ್ಲ. ಡೌನ್‌ಲೋಡ್ಸ್‌ನಲ್ಲಿ ಎಲ್ಲಿದ್ರೂ ಹುಡುಕಿ ತರುತ್ತೆ. ಬೇರೆಯವರ ಮೆಶ್ ಮೇಲೆ ನೀವು ಬಣ್ಣ ಬದಲಾಯಿಸಿದಾಗ ಆ ಮೆಶ್ ಪ್ರತ್ಯೇಕ ಫೈಲ್‌ನಲ್ಲೇ ಇರುತ್ತಲ್ಲ? ಟೆಕ್ಸ್ಚರ್‌ಗೂ ಅದೇ ದಾರಿ.

ಮೊದಲ ವಿಧಾನ ಪೂರ್ತಿ ಒಂದೇ ಥರದ ಬಟ್ಟೆಗೆ. ಅಡಲ್ಟ್ ಮರೂನ್ ಸೀರೆಯನ್ನ ಮೂಲ ಅಂತ ಇಟ್ಕೊಳ್ಳಿ. ಎಲ್ಡರ್ ಮರೂನ್ ಫೈಲ್ ತೆಗೆದು ಅದರ ಥ್ರೀಐಡಿಆರ್‌ನಲ್ಲಿ ಟಿಎಕ್ಸ್‌ಎಂಟಿಯ ಸಾಲು ಹುಡುಕಿ. ಅಲ್ಲಿನ ಗ್ರೂಪ್ ಮತ್ತು ಇನ್‌ಸ್ಟನ್ಸ್ ಸಂಖ್ಯೆ ತೆಗೆದು ಮೂಲದ ಟಿಎಕ್ಸ್‌ಎಂಟಿಯ ಸಂಖ್ಯೆ ಹಾಕಿ. ಇನ್‌ಸ್ಟನ್ಸ್‌ನ ಎರಡು ಭಾಗವನ್ನೂ ಹಾಕಬೇಕು, ಒಂದನ್ನ ಮರೆತ್ರೆ ಎರಡು ಗಂಟೆ ತಲೆ ಕೆರೆದುಕೊಳ್ತೀರಿ, ನಾನು ಕೆರೆದುಕೊಂಡಿದ್ದೀನಿ. ಕಮಿಟ್ ಒತ್ತಿ, ಆಮೇಲೆ ಎಲ್ಡರ್ ಫೈಲ್‌ನ ಸ್ವಂತ ಟಿಎಕ್ಸ್‌ಎಂಟಿ, ಟಿಎಕ್ಸ್‌ಟಿಆರ್ ಎರಡನ್ನೂ ಅಳಿಸಿ ಸೇವ್ ಮಾಡಿ. ಕಮಿಟ್ ಒತ್ತದೆ ಸೇವ್ ಮಾಡಿದ್ರೆ ಬದಲಾವಣೆ ಹೋಗಲ್ಲ.

ಎರಡನೆಯದು ಅರ್ಧ ಹಂಚಿಕೆ. ಹಸಿರು ಸೀರೆಗೆ ಬಣ್ಣ ಬೇರೆ, ನೆರಿಗೆ ಮಾತ್ರ ಒಂದೇ. ಅದರ ಟಿಎಕ್ಸ್‌ಎಂಟಿ ಇರಲಿ. ಒಳಗೆ ನಾರ್ಮಲ್ ಮ್ಯಾಪ್ ಟೆಕ್ಸ್ಚರ್ ಹೆಸರಿನ ಸಾಲಿನಲ್ಲಿ ಮರೂನ್ ಸೀರೆಯ ಬಂಪ್ ಮ್ಯಾಪ್‌ನ ಹೆಸರನ್ನ ಒಂದಕ್ಷರ ಬಿಡದೆ ಅಂಟಿಸಿ, ತನ್ನದೇ ಬಂಪ್ ಅಳಿಸಿ. ಆಟ ಹುಡುಕೋದು ಹೆಸರಿನಿಂದಲೇ, ಟೈಪ್ ಮಾಡೋಕೆ ಹೋಗಬೇಡಿ.

ಒಂದು ಷರತ್ತು: ಎರಡೂ ಮೆಶ್‌ನ ಯುವಿ ಮ್ಯಾಪ್ ಒಂದೇ ಇರಬೇಕು. ಯುವಿ ಮ್ಯಾಪ್ ಅಂದ್ರೆ ಟೇಲರ್ ಇಟ್ಟುಕೊಂಡಿರೋ ಪೇಪರ್ ಕಟಿಂಗ್ ಇದ್ದಂಗೆ, ಚಿತ್ರದ ಯಾವ ಭಾಗ ಮೈಯ ಯಾವ ಜಾಗಕ್ಕೆ ಬರಬೇಕು ಅಂತ ಹೇಳುತ್ತೆ. ಎಲ್ಡರ್ ಮೆಶ್ಶನ್ನ ಅಡಲ್ಟ್ ಮೆಶ್‌ನಿಂದಲೇ ಬಗ್ಗಿಸಿ ಮಾಡಿದ್ರೆ ತೊಂದ್ರೆ ಇಲ್ಲ. ಬೇರೆಯವರ ಮೆಶ್ ತಂದು ಹಾಕಿದ್ರೆ ಸೆರಗಿನ ಹಣಿಗೆ ಮೊಣಕಾಲಿಗೆ ಬಂದು ಕೂರುತ್ತೆ.

ಸಿಮ್ಸ್ 4 ಆಡೋರಿಗೆ ಈ ವಯಸ್ಸಿನ ತಾಪತ್ರಯ ಇಲ್ಲ. ಟೀನ್‌ನಿಂದ ಎಲ್ಡರ್‌ವರೆಗೆ ಒಂದೇ ಬಟ್ಟೆ ನಡೆಯುತ್ತೆ. ಆದ್ರೆ ಅಲ್ಲೂ ಪ್ರತಿ ಸ್ವಾಚ್ ತನಗೆ ಬೇಕಾದ ಟೆಕ್ಸ್ಚರ್‌ಗಳ ವಿಳಾಸದ ಪಟ್ಟಿ ಇಟ್ಕೊಂಡಿರುತ್ತೆ, ಹತ್ತು ಸ್ವಾಚ್ ಒಂದೇ ನಾರ್ಮಲ್ ಮ್ಯಾಪ್‌ಗೆ ಬೆರಳು ತೋರಿಸಬಹುದು.

ಎಲ್ಲಾ ಮುಗಿಸಿ 36 ಚಿತ್ರ ಏಳಾದಾಗ ನನಗೆ ಆದ ಖುಷಿ ಕೇಳಬೇಡಿ. ಎಂ.ಟೆಕ್‌ನಲ್ಲಿ ನಾರ್ಮಲೈಸೇಷನ್ ಓದಿದವನಿಗೆ ಒಂದೇ ಮಾಹಿತಿ ಎರಡು ಕಡೆ ಇದ್ರೆ ಮೈ ಪರಚಿಕೊಳ್ಳೋ ಹಂಗೆ ಆಗುತ್ತೆ. ಅದೇ ಹುಮ್ಮಸ್ಸಿನಲ್ಲಿ ಬಾಡಿಶಾಪ್‌ನ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿದ್ದ ಬಿಎಂಪಿ ಫೈಲ್‌ಗಳನ್ನೂ ಅಳಿಸಿದೆ. ಫೋಟೋ ತೆಗೆದಿದ್ದ ಫೋನು ಕೆಟ್ಟು ಅಷ್ಟರಲ್ಲಿ ವರ್ಷವಾಗಿತ್ತು.

ಒಂದು ಶನಿವಾರ ಮಗಳು ಬಾಡಿಶಾಪ್ ತೆಗೆದು ಅಚ್ಚುಕಟ್ಟು ಮಾಡೋಕೆ ಕೂತಳು. ಅವಳ ತರ್ಕ ಸರಿಯಾಗೇ ಇತ್ತು: ಮರೂನ್ ಸೀರೆ ಮುತ್ತಜ್ಜಿಯದು, ಮುತ್ತಜ್ಜಿ ಎಲ್ಡರ್, ಅಡಲ್ಟ್‌ಗೆ ಅದು ಯಾಕೆ? ಕಸದ ಬುಟ್ಟಿ ಒತ್ತಿದಳು. ಬಾಡಿಶಾಪ್‌ನಲ್ಲಿ ಹಾಗೆ ಒತ್ತಿದ್ರೆ ಪ್ಯಾಕೇಜ್ ಫೈಲೇ ಡಿಸ್ಕ್‌ನಿಂದ ಹೋಗುತ್ತೆ. ರೀಸೈಕಲ್ ಬಿನ್‌ನಲ್ಲೂ ಇರಲಿಲ್ಲ.

"ಪಪ್ಪಾ, ಅಜ್ಜಿ ಸೀರೆ ಯಾಕೋ ಸರಿ ಕಾಣ್ತಿಲ್ಲ."

ಎಲ್ಡರ್ ಫೈಲ್ ಇತ್ತು, ಮೆಶ್ ಇತ್ತು, ವಿಳಾಸ ಇತ್ತು. ವಿಳಾಸದಲ್ಲಿ ಮನೆ ಇರಲಿಲ್ಲ. ಟೀನ್ ಮರೂನ್‌ದೂ ಅದೇ ಗತಿ. ಉಳಿದ ಐದು ಬಣ್ಣಗಳ ಬಂಪ್ ಮ್ಯಾಪ್ ಕೂಡ ಅದೇ ಫೈಲ್‌ನಲ್ಲಿತ್ತು.

ನಾವು ಆಫೀಸಿನಲ್ಲಿ ಡಾಟಾಬೇಸ್ ಕಟ್ಟುವಾಗ ಫಾರಿನ್ ಕೀ ಹಾಕ್ತೀವಿ. ಮಕ್ಕಳ ಸಾಲು ಇರೋವಾಗ ತಂದೆಯ ಸಾಲು ಅಳಿಸೋಕೆ ಹೋದ್ರೆ ಅದು ಬಿಡಲ್ಲ. ಈ ಆಟದಲ್ಲಿ ಅಂಥ ಕಾವಲು ಇಲ್ಲ. ಯಾರ್ಯಾರು ತನ್ನನ್ನ ನಂಬಿಕೊಂಡಿದ್ದಾರೆ ಅಂತ ಮೂಲ ಫೈಲ್‌ಗೇ ಗೊತ್ತಿಲ್ಲ. ಇದನ್ನ ತಿಳಿದವನು ನಾನು, ಮಗಳಲ್ಲ. ಅವಳ ಮೇಲೆ ರೇಗಿದ್ದು ತಪ್ಪಾಯ್ತು ಅಂತ ಅವತ್ತೇ ಹೇಳಿದ್ದೀನಿ.

ಸೀರೆ ಸಿಕ್ಕಿದ್ದು ಡೊಂಬಿವಲಿಯಲ್ಲಿ. ನನ್ನ ತಂಗಿ ಅಲ್ಲಿದ್ದಾಳೆ. ಹಂಚಿಕೆ ಗಿಂಚಿಕೆ ಏನೂ ಮಾಡೋಕೆ ಮುಂಚೆ, ಮೊದಲ ದಿನವೇ, ಅವಳಿಗೆ ಎಲ್ಡರ್ ಮರೂನ್ ಫೈಲ್ ಕಳಿಸಿದ್ದೆ. ಅದರೊಳಗೆ ಟೆಕ್ಸ್ಚರ್ರೂ ಇತ್ತು, ಬಂಪ್ ಮ್ಯಾಪೂ ಇತ್ತು. ನಾನು ದಂಡ ಅಂತ ಲೆಕ್ಕ ಹಾಕಿದ 29 ಕಾಪಿಗಳಲ್ಲಿ ಒಂದು. ಆಮೇಲೆ ಅವಳಿಗೆ ಹೊಸ ಚಿಕ್ಕ ಫೈಲ್‌ಗಳನ್ನೂ ಕಳಿಸಿದ್ದೆ, ಆದ್ರೆ ಮೂಲ ಫೈಲ್ ಸೇರಿಸೋದು ಮರೆತು. "ಅಣ್ಣಾ, ಹೊಸದು ಬರವಲ್ದು, ಹಳೇದನ್ನೇ ಇಟ್ಕೊಂಡೀನಿ" ಅಂದಿದ್ದಳು. ನನ್ನ ಮರೆವು, ಅವಳ ಸೋಮಾರಿತನ, ಎರಡೂ ಸೇರಿ ಸೀರೆ ಉಳೀತು.

ಈಗ ಮಾಡಿರೋ ವ್ಯವಸ್ಥೆ ಬೇರೆ. ತೊಡೋ ಬಟ್ಟೆಯನ್ನ ಮೂಲ ಅಂತ ಇಡಬಾರದು. ಏಳು ಟೆಕ್ಸ್ಚರ್ ಮತ್ತು ಅವುಗಳ ಟಿಎಕ್ಸ್‌ಎಂಟಿ ಮಾತ್ರ ಇರೋ ಪ್ರತ್ಯೇಕ ಪ್ಯಾಕೇಜ್ ಮಾಡಿದೆ. ಅದರಲ್ಲಿ ಪ್ರಾಪರ್ಟಿ ಸೆಟ್ ಇಲ್ಲ, ಹಾಗಾಗಿ ಬಾಡಿಶಾಪ್‌ನ ಪಟ್ಟಿಯಲ್ಲಿ ಅದು ಕಾಣಿಸೋದೇ ಇಲ್ಲ, ಕಾಣಿಸದ್ದನ್ನ ಯಾರೂ ಒತ್ತಿ ಅಳಿಸಲ್ಲ. ಹದಿನೆಂಟು ಬಟ್ಟೆಯೂ ಅದಕ್ಕೇ ಬೆರಳು ತೋರಿಸುತ್ತೆ. ಫೈಲ್ ಹೆಸರಿನ ಮೊದಲಿಗೇ "ಮೂಲ-ಅಳಿಸಬೇಡಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೀನಿ. ಯಾರಿಗೆ ಕಳಿಸಿದ್ರೂ ಎಲ್ಲವೂ ಒಂದೇ ಜಿಪ್. ಒಂದೇ ಬಟ್ಟೆ, ಒಂದೇ ವಯಸ್ಸು ಅಂದ್ರೆ ಈ ಗೊಡವೆಯೇ ಬೇಡ, ಟೆಕ್ಸ್ಚರ್ ಒಳಗೇ ಇರಲಿ.

ಇಳಕಲ್ ಸೀರೆಯ ಮೈಗೂ ಸೆರಗಿಗೂ ಹಾಸು ಬೇರೆ ಬೇರೆ. ನೇಕಾರರು ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಕೊಂಡಿ ಬಿಟ್ರೆ ಸೆರಗು ಬೇರೆ, ಸೀರೆ ಬೇರೆ. ಥ್ರೀಐಡಿಆರ್ ತಿದ್ದುವಾಗ ಇದು ನೆನಪಾಗ್ತಿತ್ತು.

ತಂಗಿಯ ಫೈಲ್‌ನಿಂದ ಚಿತ್ರವನ್ನ ಪಿಎನ್‌ಜಿ ಮಾಡಿ ತೆಗೆದೆ. ಆದ್ರೆ ಅದು ಡಿಎಕ್ಸ್‌ಟಿಯಲ್ಲಿ ಒಮ್ಮೆ ಹಿಂಡಿದ ಚಿತ್ರ. 4×4 ಪಿಕ್ಸೆಲ್‌ನ ತುಂಡುಗಳಲ್ಲಿ ಬಣ್ಣ ಉಳಿಸೋ ವಿಧಾನ ಅದು, ಸಣ್ಣ ಗೆರೆಗಳನ್ನ ಕಲಸಿಬಿಡುತ್ತೆ. ಅವ್ವ ಕೋಪರಖೈರಣೆಗೆ ಬಂದಾಗ ಸ್ಕ್ರೀನ್ ನೋಡಿ ಮೊದಲು ಹೇಳಿದ್ದೇ ಅದು: "ಹಣಿಗಿ ಹಲ್ಲು ಮಸಕ ಆಗ್ಯಾವಲ್ಲೋ." ಕೌದಿಯ ಅಂಚಿನಲ್ಲಿ ಸೆರಗಿನದೊಂದು ಚೂರು ಉಳಿದಿದೆ. ಈ ಭಾನುವಾರ ಮಳೆ ಬಿಟ್ಟು ಬೆಳಕಿದ್ರೆ ಅದರ ಫೋಟೋ ತೆಗೆದು ಹಲ್ಲುಗಳನ್ನ ತಿದ್ದಬೇಕು. ಟೆಕ್ಸ್ಚರ್ ಒಂದೇ ಕಡೆ ಇರೋದ್ರಿಂದ ಮೂರೂ ವಯಸ್ಸಿಗೆ ಸೇರಿ ಒಂದೇ ಸಲ ತಿದ್ದಿದ್ರೆ ಆಯ್ತು.